ಎರಡನೇ ಕೃಷ್ಣನ ತಾಂಬೂಲ

"ಆ ತಾಂಬೂಲ ಕೃಷ್ಣ ಕೊಟ್ಟ ಅಂದೆನಲ್ಲ ಬಾಬೂ. ಇನ್ನೆಷ್ಟು ಸಲ ಬಾಯಿ ನೋಯಿಸ್ಕೊಳ್ಲಿ ನಾನು?"

ಎಲೆ ಅಡಿಕೆ ಮಾರುವ ಮಾಲಕ್ಷ್ಮಮ್ಮ ತನ್ನ ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಸರಿಸಿ, ಏನೂ ತೆಗೆಯದೆ ಮತ್ತೆ ಹೊದಿಸಿದಳು. ಅವಳೆದುರು, ತೆನಾಲಿಯ ಕಾಲುವೆ ದಂಡೆಯ ಖಾಲಿ ನಾಟಕದ ಹಾಲಿನ ಮೆಟ್ಟಿಲ ಮೇಲೆ ಕೂತಿದ್ದ ಸಬ್‌ಇನ್‌ಸ್ಪೆಕ್ಟರ್ ಭುಜಂಗರಾವಿಗೆ ಮೈ ಉರಿದುಹೋಯಿತು. ಮಧ್ಯಾಹ್ನದ ಊಟವಾಗಿಲ್ಲ, ಕಣ್ಣಿಗೆ ನಿದ್ದೆ ಹತ್ತಿಲ್ಲ, ಈ ಮುದುಕಿ ನೋಡಿದರೆ ನಿನ್ನೆಯಿಂದ ಒಂದೇ ಹಾಡು ಹಾಡುತ್ತಿದ್ದಾಳೆ.

"ಯಾವ ಕೃಷ್ಣ?"

"ನೀಲಿ ಕೃಷ್ಣ."

"ಮೂವರೂ ನೀಲೀನೇ ಅಲ್ವೇನಮ್ಮಾ."

"ಅದಕ್ಕೇ ಕೃಷ್ಣ ಅಂದಿದ್ದು. ಕಣ್ಣಿಗೆ ಪೊರೆ ಬಂದಿದೆ ನನಗೆ. ಮುಖ ಯಾರು ಕಂಡೋರು? ಮೊಣಕೈವರೆಗೂ ನೀಲಿ ಹಚ್ಚಿದ ಕೈ ಕಂಡಿತು, ಅಷ್ಟೇ."

ಮೊನ್ನೆಯ ನಾಟಕದಲ್ಲಿ, ಕೌರವರ ಸಭೆಯ ನಟ್ಟನಡುವೆ, ಆಂಧ್ರದೇಶಕ್ಕೆಲ್ಲ ಹೆಸರಾದ ಚಿರುವೋಲು ಪಟ್ಟಾಭಿರಾಮಯ್ಯನವರ ಕಂಠ ಒಡೆದುಹೋಗಿತ್ತು. ಅವರು ಅಗಿದ ತಾಂಬೂಲದಲ್ಲಿ ಯಾರೋ ಸಿಂಧೂರ ಸೇರಿಸಿದ್ದರು. ಸಿಂಧೂರ ತಿನ್ನಿಸಿದರೆ ಹಾಡುವವನ ದನಿ ಸತ್ತಂತೆಯೇ ಎಂಬುದು ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಡಾಕ್ಟರು ಗಂಟಲಿಗೆ ದೀಪ ಹಿಡಿದು ನೋಡಿ, ಕೈ ತೊಳೆದುಕೊಂಡು ಹೋಗಿದ್ದರು.

ಊರೂರಿನ ನಟರನ್ನು ಒಂದು ರಾತ್ರಿಗೆ ಕರೆಸಿ, ಒಂದೇ ನಾಟಕದಲ್ಲಿ ಮೂವರಿಗೆ ಕೃಷ್ಣನ ವೇಷ ಹಾಕಿಸಿ ದೃಶ್ಯ ಹಂಚಿಬಿಟ್ಟರೆ ಸಾಕು, ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲ ಅದು. ಮೊದಲನೇ ಕೃಷ್ಣ ಅರಮನೆಯಲ್ಲಿ ಹಾಡಿ ಒಳಗೆ ಹೋದರೆ ಎರಡನೇ ಕೃಷ್ಣ ಸಂಧಿಗೆಂದು ಸಭೆಗೆ ಬರುತ್ತಾನೆ, ಮೂರನೆಯವನು ಬೆಳಗಿನ ಜಾವಕ್ಕೆ ರಥ ಹತ್ತುತ್ತಾನೆ. ಪದ್ಯಗಳ ಹಬ್ಬವೆಲ್ಲ ಆ ಸಭೆಯಲ್ಲಿ. ಹಾಗಾಗಿ ಎರಡನೇ ಕೃಷ್ಣ ಎಂದರೆ ಗದ್ದುಗೆ ಇದ್ದ ಹಾಗೆ. ಪಟ್ಟಾಭಿಗಾರು ಆ ಗದ್ದುಗೆ ಹತ್ತಿ ಹದಿನೈದು ವರ್ಷವಾಗಿತ್ತು.

"ರಾವುಗಾರು, ಈ ಮುದುಕಿ ಹತ್ರ ಯಾಕೆ ಗಂಟಲು ಒಣಗಿಸ್ಕೊಳ್ತೀರಿ?" ಹಿಂದೆ ನಿಂತಿದ್ದ ಬುಚ್ಚಯ್ಯ ಚೌದರಿ ಚುಟ್ಟದ ಬೂದಿ ಝಾಡಿಸಿದ. ನಾಟಕದ ಕಂಟ್ರಾಕ್ಟರು ಅವನೇ. "ಆ ಹುಡುಗನ್ನ ಹಿಡಿದು ಹಾಕಿದ್ದೀರಿ, ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ತೀರಿ, ಮುಗೀತು. ನನ್ನ ಹಾಲಿನ ಬೀಗ ತೆಗೆಸಿ."

"ನೀವು ಸ್ವಲ್ಪ ಸುಮ್ಮನಿರಿ." ಭುಜಂಗರಾವು ನಶ್ಯದ ಡಬ್ಬಿ ತೆಗೆದ. "ಮಾಲಕ್ಷ್ಮಮ್ಮಾ, ಕೊಡುವಾಗ ಬಾಯಿ ಬಿಟ್ಟು ಏನಾದ್ರೂ ಹೇಳಿದ್ನಾ?"

"ಹೇಳದೆ ಏನು. 'ಇದನ್ನ ಎರಡನೇ ಕೃಷ್ಣನ ತಟ್ಟೇಲಿ ಇಡು, ನನ್ನ ಮರ್ಯಾದೆ' ಅಂದ. ಪಿಸುಮಾತಲ್ಲಿ."

ಭುಜಂಗರಾವಿನ ಕೈ ಮೂಗಿನ ಹತ್ತಿರವೇ ನಿಂತಿತು. "ಇದನ್ನ ನಿನ್ನೆ ಯಾಕೆ ಹೇಳ್ಲಿಲ್ಲ?"

"ಯಾರು ಕೊಟ್ಟ ಅಂತ ಕೇಳಿದ್ರಿ. ಏನಂದ ಅಂತ ನೀವು ಯಾವಾಗ ಕೇಳಿದ್ರಿ?"

"ಆಗ ಹೊತ್ತೆಷ್ಟು?"

"ಗ್ಯಾಸ್‌ಲೈಟಿಗೆ ಗಾಳಿ ಹೊಡೀತಾ ಇದ್ರು. ಮೊದಲ ಬೆಲ್ ಇನ್ನೂ ಆಗಿರಲಿಲ್ಲ. ಆಮೇಲೆ ಆ ದೃಶ್ಯ ಬಂದಾಗ ನಾನೇ ತಟ್ಟೆ ತಗೊಂಡು ಸೈಡ್‌ವಿಂಗಿಗೆ ಹೋದೆ. ಎರಡನೇ ಕೃಷ್ಣನ ತಟ್ಟೆ ಅಂತ ಕೂಗಿದೆ. ಕೈ ಬಂತು, ಕೊಟ್ಟೆ. ಎಷ್ಟು ವರ್ಷದಿಂದ ಮಾಡ್ತಿರೋ ಕೆಲಸ ಬಾಬೂ. ನನ್ನ ಬುಟ್ಟೀದು ಒಂದೆಲೆ ಕೊಳೆತಿದ್ರೆ ನಾಲಿಗೆ ಸೀಳಿ."

ಚೌದರಿ ಚಪ್ಪಾಳೆ ತಟ್ಟಿದ. "ಕೇಳಿದ್ರಾ? ಮೂರನೇ ಕೃಷ್ಣ ನಮ್ಮ ಆಚಾರ್ಯುಲುಗಾರು, ಆ ಹೊತ್ತಿಗೆ ಮನೇಲಿ ಗೊರಕೆ ಹೊಡೀತಿದ್ರು. ಅವರಿಗೆ ಬಣ್ಣ ಹಚ್ಚೋದೇ ನಡುರಾತ್ರಿ ಕಳೆದ ಮೇಲೆ. ಇನ್ನು ಉಳಿದಿದ್ದು ಯಾರು? ಮೊದಲನೇ ಕೃಷ್ಣ, ಆ ಹುಡುಗ. ಎರಡನೇ ಕೃಷ್ಣನಿಗೆ ಮರ್ಯಾದೆಯಂತೆ. ಎಂಥಾ ಮರ್ಯಾದೆ ಮಾಡಿದ ನೋಡಿ, ಆ ಕೋಟಿಲಿಂಗಂ."

ಭುಜಂಗರಾವಿಗೂ ಸಮಾಧಾನವೇ ಆಯಿತು. ಒಳಗೊಳಗೇ ಆ ಹುಡುಗನ ಮೇಲೆ ಹಲ್ಲು ಕಡಿಯುತ್ತಿದ್ದವನು ಅವನು. ಗುಂಟೂರಿನಲ್ಲಿ ಓದುವಾಗ ಪುಸ್ತಕ ಮಾರಿ ಪಟ್ಟಾಭಿಗಾರ ನಾಟಕಕ್ಕೆ ಟಿಕೆಟ್ಟು ಕೊಂಡಿದ್ದ. ಚಾಪೆಯ ಮೇಲೆ ಕೂತು ಒನ್ಸ್ ಮೋರ್ ಎಂದು ಕೂಗಿ ಕೂಗಿ ಮರುದಿನ ಪರೀಕ್ಷೆಯಲ್ಲಿ ಬಾಯಿಬಿಡಲಾಗದೆ ಬೈಸಿಕೊಂಡಿದ್ದ. ಮೊನ್ನೆ ಕಾಂಗ್ರೆಸ್ಸಿನವರ ಮೆರವಣಿಗೆ ಕಾಯಲು ಗುಂಟೂರಿಗೆ ಹೋಗಬೇಕಾಗಿ ಬಂದು ನಾಟಕ ತಪ್ಪಿಹೋಯಿತು. ವಾಪಸು ಬಂದಾಗ ಕಂಠವೇ ಇರಲಿಲ್ಲ.

"ನಡೀರಿ ಸ್ಟೇಷನ್ನಿಗೆ," ಎಂದ.

ಸ್ಟೇಷನ್ನಿನಲ್ಲಿ ಇದ್ದದ್ದು ಇಬ್ಬರೇ ಪೇದೆಗಳು. ಮಿಕ್ಕವರನ್ನು ಗುಂಟೂರು ಇನ್ನೂ ಬಿಟ್ಟಿರಲಿಲ್ಲ. ಲಾಕಪ್ಪಿನ ಸರಳುಗಳ ಹಿಂದೆ ಕೋಟಿಲಿಂಗಂ ಗೋಡೆಗೊರಗಿ ಕೂತಿದ್ದ. ರೇಪಲ್ಲೆ ಕಡೆಯ ಹುಡುಗ, ಮೀಸೆ ಈಗಷ್ಟೇ ಬಲಿಯುತ್ತಿತ್ತು. ಬಣ್ಣದ ಕೋಣೆಯಿಂದಲೇ ಎಳೆದು ತಂದಿದ್ದರಿಂದ ಕಿವಿಯ ಹಿಂದೆ, ಕೊರಳ ಸುತ್ತ ನೀಲಿ ಹಾಗೇ ಉಳಿದಿತ್ತು. ಮುಂದಿನ ಅನ್ನದ ತಟ್ಟೆಯನ್ನು ಮುಟ್ಟಿರಲಿಲ್ಲ.

"ತಿನ್ನಯ್ಯಾ. ಅದರಲ್ಲಿ ಯಾರೂ ಏನೂ ಬೆರೆಸಿಲ್ಲ," ಎಂದು ಚೌದರಿ ಹಂಗಿಸಿದ.

ಹುಡುಗ ಅವನನ್ನು ನೋಡಲೂ ಇಲ್ಲ. "ಎಸ್ಸೈಗಾರು, ಒಂದು ಮಾತು. ನಾಳೆ ಕೋಳ ಹಾಕಿ ಬಜಾರಿನ ಮಧ್ಯೆ ಕರ್ಕೊಂಡು ಹೋಗ್ತೀರಂತೆ. ಆಮೇಲೆ ಕೋರ್ಟು ನನ್ನ ಬಿಟ್ರೂ ಏನು ಪ್ರಯೋಜನ ಹೇಳಿ. ಸಿಂಧೂರ ಹಾಕಿದೋನು ಅಂತ ಒಂದ್ಸಲ ಹೆಸರು ಬಿದ್ರೆ ಬಣ್ಣದ ಕೋಣೇಲಿ ನನ್ನ ಪಕ್ಕ ಯಾರು ಕೂರ್ತಾರೆ? ನನ್ನ ಕೈಯಿಂದ ನೀರು ಇಸ್ಕೊಳ್ಳೋರು ಯಾರು? ಹಾಡೋದು ಬಿಟ್ಟು ನನಗೆ ಬೇರೇನೂ ಬರಲ್ಲ ಸಾರ್."

"ಇದನ್ನೆಲ್ಲ ಮೊದಲೇ ಯೋಚಿಸ್ಬೇಕಿತ್ತು." ಭುಜಂಗರಾವು ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಎರಡನೇ ಕೃಷ್ಣನ ತಟ್ಟೇಲಿ ಇಡು ಅಂತ ತಾಂಬೂಲ ಕೊಟ್ಟೆಯಂತೆ. ಮಾಲಕ್ಷ್ಮಮ್ಮ ಬಾಯಿ ಬಿಟ್ಟಿದ್ದಾಳೆ."

"ಎರಡನೇ ಕೃಷ್ಣನಿಗೆ?"

"ಹೂಂ."

"ಯಾವಾಗ ಕೊಟ್ಟೆನಂತೆ?"

"ಮೊದಲ ಬೆಲ್ಲಿಗೆ ಮುಂಚೆ."

ಕೋಟಿಲಿಂಗಂ ಎದ್ದು ಸರಳು ಹಿಡಿದು ನಿಂತ. "ನನ್ನ ತಟ್ಟೇಲಿ ನಾನೇ ಯಾಕೆ ಸಿಂಧೂರ ಇಟ್ಕೊಳ್ಲಿ ಸಾರ್?"

"ಏನಂದೆ?"

"ಎರಡನೇ ಕೃಷ್ಣ ನಾನೇ ಅಲ್ವಾ ಆಗ. ಇಲ್ಲೇ ಇದ್ದಾರಲ್ಲ ಮಹಾನುಭಾವರು, ಕೇಳಿ. ತಿಂಗಳ ಹಿಂದೆ ನಮ್ಮನೆಗೆ ಬಂದು, ಸಭೆಯ ದೃಶ್ಯ ನಿನಗೇ ಅಂತ ಮಾತು ಕೊಟ್ಟು, ತಾಂಬೂಲ ಇಟ್ಟು ಹೋದ್ರು. ಆ ಪದ್ಯಗಳನ್ನ ಕೊಟ್ಟಿಗೇಲಿ ನಿಂತು ಹಸುಗಳಿಗೆಲ್ಲ ಬಾಯಿಪಾಠ ಆಗೋವಷ್ಟು ಹಾಡಿದ್ದೀನಿ. ಎರಡನೇ ಬೆಲ್ ಹೊಡೆದ ಮೇಲೆ ಬಂದು, ನೀನು ಮೊದಲನೇ ಕೃಷ್ಣ ಆಗು ಅಂದ್ರು. ಕಾಲಿಗೆ ಬಿದ್ದೆ. ಕೇಳ್ಲಿಲ್ಲ."

ಭುಜಂಗರಾವು ಚೌದರಿಯ ಕಡೆ ತಿರುಗಿದ. ಚೌದರಿ ಚುಟ್ಟ ಆರಿದೆಯೇ ಎಂದು ಪರೀಕ್ಷಿಸುತ್ತಿದ್ದ.

"ನಿಜವಾ?"

"ನಿಜ ಅಂದ್ರೆ... ಅದರಲ್ಲೇನಿದೆ ರಾವುಗಾರು. ಮದರಾಸಿಂದ ಟಾಕಿ ಕಂಪನಿಯವನು ಬಂದಿದ್ದ. ಹೊಸ ಕಂಠ ಕೇಳ್ಬೇಕು, ಬೇಗ ಮೇಲ್ ರೈಲು ಹಿಡೀಬೇಕು ಅಂತ ಕೂತ. ಸಭೆಯ ದೃಶ್ಯದವರೆಗೆ ಅವನೆಲ್ಲಿ ಕಾಯ್ತಾನೆ? ಹುಡುಗನ್ನ ಮೊದಲಿಗೆ ತಳ್ಳಿದೆ, ಪಟ್ಟಾಭಿಗಾರನ್ನ ಸಭೆಗೆ ಹಾಕಿದೆ. ಇವನ ಒಳ್ಳೇದಕ್ಕೇ ಮಾಡಿದ್ದು."

"ಅಂದ್ರೆ ಅದಕ್ಕೆ ಮುಂಚೆ ಪಟ್ಟಾಭಿಗಾರು ಮೊದಲನೇ ಕೃಷ್ಣ?"

"ಜನ ಹೊಸಬರನ್ನ ಕೇಳ್ತಾರೆ, ನಾನೇನು ಮಾಡ್ಲಿ. ಅವರ ದನಿ ಮೇಲಿನ ಷಡ್ಜಕ್ಕೆ ಹೋಗೋಷ್ಟರಲ್ಲಿ ಏದುಸಿರು ಬರ್ತಿತ್ತು, ನಿಮಗ್ಗೊತ್ತಿಲ್ಲ. ನಾಟಕದ ಚೀಟಿಯಲ್ಲಿ ಮೂವರು ಕೃಷ್ಣರು ಅಂತಷ್ಟೇ ಅಚ್ಚು ಹಾಕಿಸಿದ್ದೆ, ಯಾರು ಎಷ್ಟನೆಯವರು ಅಂತ ಹಾಕಿಸಿರಲಿಲ್ಲ."

"ಅವರಿಗೆ ಯಾವಾಗ ಹೇಳಿದ್ರಿ?"

"ಮೈಗೆ ಬಣ್ಣ ಹಚ್ಚಿ ಆದ ಮೇಲೆ. ಮೊದಲೇ ಹೇಳಿದ್ರೆ ಮನೆಯಿಂದ ಹೊರಡ್ತಿದ್ರಾ?"

"ಏನಂದ್ರು?"

"ಬಣ್ಣದ ಪೆಟ್ಟಿಗೆ ಮುಂದೆ ಹೋಗಿ ಕೂತ್ರು, ಅಷ್ಟೇ. ಆಮೇಲೆ ಮತ್ತೆ ನೀವೇ ಎರಡನೇ ಕೃಷ್ಣ ಅಂದಾಗ ಮಗುವಿನ ಹಾಗೆ ನಕ್ಕರು ಪಾಪ. ನನ್ನ ಕೈ ಹಿಡ್ಕೊಂಡ್ರು."

ಭುಜಂಗರಾವು ಕುರ್ಚಿಯ ಮೇಲೆ ಕೂತ, ಎದ್ದ, ಕಿಟಕಿಯ ತನಕ ಹೋಗಿ ಬಂದ. ತಾಂಬೂಲ ಕೊಟ್ಟವನು ಮೊದಲ ಬೆಲ್ಲಿಗೆ ಮುಂಚೆ 'ಎರಡನೇ ಕೃಷ್ಣ' ಅಂದಿದ್ದಾನೆ. ಆ ಹೊತ್ತಿನಲ್ಲಿ ಎರಡನೇ ಕೃಷ್ಣ ಈ ಹುಡುಗ. ಸಾಯಬೇಕಾಗಿದ್ದ ಕಂಠ ಈ ಹುಡುಗನದು. ಕೊಟ್ಟ ಕೈಗೆ ನೀಲಿ ಹಚ್ಚಿತ್ತು. ಮೂರನೆಯವರು ಮನೆಯಲ್ಲಿ ಮಲಗಿದ್ದರು. ಎರಡನೆಯವನು ತನಗೆ ತಾನೇ ಕೊಟ್ಟುಕೊಳ್ಳಲಾರ.

ಮುಂದಿನದನ್ನು ಅವನ ಮನಸ್ಸು ಲೆಕ್ಕ ಹಾಕಲು ಒಪ್ಪಲಿಲ್ಲ. ಬೇರೆ ಯಾರಾದರೂ ಕೈಗೆ ನೀಲಿ ಬಳಿದುಕೊಂಡು ಬಂದಿರಬಹುದು ಎಂದುಕೊಂಡ. ಬಣ್ಣದವನೇ ಇರಬಹುದು ಎಂದುಕೊಂಡ. ಬಣ್ಣದವನಿಗೆ ಈ ಹುಡುಗನ ಕಂಠದ ಮೇಲೆ ಎಂಥ ಹಗೆ? ನಶ್ಯ ಏರಿಸಿದರೂ ಸೀನು ಬರಲಿಲ್ಲ.

"ಸಾರ್," ಎಂದ ಕೋಟಿಲಿಂಗಂ, ಈಗ ಮೆಲ್ಲಗೆ. ಅವನಿಗೂ ಹೊಳೆದಿತ್ತು. "ಯಾರು ಅಂತ ಹೇಳ್ಬೇಡಿ. ನನಗೆ ಬೇಡ. ನಾನಲ್ಲ ಅಂತ ಜನಕ್ಕೆ ಗೊತ್ತಾಗೋ ಹಾಗೆ ಮಾಡಿ, ಸಾಕು."

ಭುಜಂಗರಾವು ಟೋಪಿ ಕೈಗೆತ್ತಿಕೊಂಡ. ಸೈಕಲ್ಲು ಹತ್ತುವ ತ್ರಾಣವೂ ಇಲ್ಲದೆ ನಡೆದೇ ಹೊರಟ.

ಗಂಗಾನಮ್ಮಪೇಟೆಯ ಬೀದಿ ಜಾತ್ರೆಯಂತಾಗಿತ್ತು. ಸುತ್ತಲ ಹಳ್ಳಿಗಳಿಂದ ಬಂದ ಗಾಡಿಗಳು, ಎತ್ತುಗಳು, ನೀರಿನ ಮಡಕೆಗಳು. ಪಟ್ಟಾಭಿಗಾರ ಮಹಡಿಯ ಮನೆಯ ಮುಂದೆ ಹೆಂಗಸರು ತೆಂಗಿನಕಾಯಿ ಹಿಡಿದು ಕೂತಿದ್ದರು; ಗಂಡಸರು ನಿಂತಲ್ಲಿ ನಿಲ್ಲಲಾರದೆ ಅತ್ತಿಂದಿತ್ತ ತಿರುಗುತ್ತಿದ್ದರು. ಪೊಲೀಸಿನವನ ಟೋಪಿ ಕಂಡದ್ದೇ ತಡ, ಸುತ್ತ ಮುತ್ತಿದರು.

"ಆ ನನ್ಮಗನ್ನ ಇನ್ನೂ ಅನ್ನ ಹಾಕಿ ಸಾಕ್ತಿದ್ದೀರಾ ಎಸ್ಸೈಗಾರು?"

"ನಮಗೆ ಕೊಡಿ. ನಾವು ಅವನ ಗಂಟಲು ನೋಡ್ಕೋತೀವಿ."

ಒಬ್ಬ ಮುದುಕ ಅಳುತ್ತಿದ್ದ. ಅವನ ಭುಜದ ಮೇಲೊಂದು ಕೈಯಿಟ್ಟು ಭುಜಂಗರಾವು ಒಳಗೆ ನುಸುಳಿಕೊಂಡ. ಇಬ್ಬರೇ ಪೇದೆಗಳಿರುವ ಸ್ಟೇಷನ್ನು ನೆನಪಾಗಿ ಒಮ್ಮೆ ತಿರುಗಿ ನೋಡಿದ.

ಮಹಡಿಯ ಮೆಟ್ಟಿಲ ಪಕ್ಕದ ಗೋಡೆಯ ತುಂಬ ಪಟಗಳು. ಮೊದಲ ಮಹಾಯುದ್ಧ ಮುಗಿದ ವರ್ಷ ಬೆಜವಾಡದ ಕಂಪನಿಯಲ್ಲಿ ಹೆಣ್ಣುವೇಷ ಕಟ್ಟಿ ನಿಂತ ತೆಳ್ಳನೆಯ ಹುಡುಗ. ಆ ಕಂಪನಿ ಮುಳುಗಿದ ಮೇಲೆ ಮೊದಲ ಸಲ ನವಿಲುಗರಿ ಮುಡಿದದ್ದು. ಗ್ರಾಮಫೋನಿನ ತುತ್ತೂರಿಯ ಮುಂದೆ ಕೂತದ್ದು. ಸಾಲಾಗಿ ಬೆಳ್ಳಿಯ ಪದಕಗಳು. ಹೆಣ್ಣುವೇಷದ್ದೂ ಸೇರಿ ಎಲ್ಲ ಪಟಗಳ ಕೆಳಗೂ ಒಂದೇ ಬರಹ, ಪಟ್ಟಾಭಿಗಾರೇ ಹೇಳಿ ಬರೆಸಿದ್ದು: ಎರಡನೇ ಕೃಷ್ಣ. ಭುಜಂಗರಾವು ತಲೆ ತಗ್ಗಿಸಿಕೊಂಡು ಹತ್ತಿದ.

ಪಟ್ಟಾಭಿಗಾರು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಕೊರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ಹೆಂಡತಿ ರತ್ತಮ್ಮ ಕೆಂಡದ ಕುಮ್ಮಟೆಯ ಮೇಲೆ ಕಲ್ಲುಸಕ್ಕರೆ, ಮೆಣಸು ಹಾಕಿ ಹಾಲು ಕಾಯಿಸುತ್ತಿದ್ದಳು.

"ಭುಜಂಗಂ." ಒಣ ಎಲೆಯನ್ನು ನೆಲದ ಮೇಲೆ ಎಳೆದಂಥ ದನಿ. "ಆ ಹುಡುಗನ್ನ ಬಿಟ್ಟುಬಿಡಪ್ಪ."

"ಯಾಕೆ ಬಿಡ್ಲಿ?"

"ಚಿಕ್ಕವನು. ಆಸೆ. ನಾನು ಕ್ಷಮಿಸಿದ್ದೀನಿ ಅನ್ನು." ಅವರ ಬಲಗೈ ಮೆಲ್ಲಗೆ ಮೇಲೆದ್ದು ಅಭಯ ಕೊಟ್ಟಿತು. ರಂಗದ ಮೇಲೆ ಈ ಕೈ ಎದ್ದಾಗ ಭುಜಂಗರಾವು ಎಷ್ಟು ಸಲ ಕಣ್ಣೊರೆಸಿಕೊಂಡಿದ್ದನೋ. ಇವತ್ತು ಮಾತ್ರ ಆ ಕೈಯನ್ನು ನೋಡಲಾಗಲಿಲ್ಲ.

"ನೋಡಿ ಬಾಬೂ ಅವರ ಮನಸ್ಸು," ಎಂದಳು ರತ್ತಮ್ಮ. "ತಮ್ಮ ಕೊರಳು ಕುಯ್ದೋನನ್ನೂ ಕಾಪಾಡ್ತಾರೆ."

ಭುಜಂಗರಾವು ಮಂಚದ ಪಕ್ಕದ ಮಣೆ ಎಳೆದುಕೊಂಡು ಕೂತ. "ಪಟ್ಟಾಭಿಗಾರು, ಒಂದೇ ಪ್ರಶ್ನೆ. ಮೊನ್ನೆ ಚೌದರಿ ಬಂದು, ನೀವು ಮೊದಲನೇ ಕೃಷ್ಣ ಅಂದಾಗ ಏನನ್ನಿಸ್ತು?"

ಹಾಲಿನಲ್ಲಿ ಆಡುತ್ತಿದ್ದ ಚಮಚ ನಿಂತಿತು.

"ಮೊದಲನೇ ಕೃಷ್ಣ?" ರತ್ತಮ್ಮ ನಕ್ಕಳು. "ಇವರು ಯಾವಾಗ ಮೊದಲನೇ ಕೃಷ್ಣ ಆಗಿದ್ರು? ಏನು ಕೇಳ್ತಿದ್ದಾರೆ ಇವರು?"

ಗಂಡ ಮುಖವನ್ನು ಗೋಡೆಗೆ ತಿರುಗಿಸಿದರು. ನಗು ಅವಳ ಮುಖದಿಂದ ನಿಧಾನವಾಗಿ ಇಳಿಯಿತು. ಹೆಂಡತಿಗೂ ಹೇಳಿರಲಿಲ್ಲ ಅಂತಾಯಿತು. ಅವಮಾನವನ್ನು ಮನೆಯವರೆಗೆ ತರದೆ ಬಾಗಿಲಲ್ಲೇ ಬಿಟ್ಟು ಬಂದಿದ್ದರು ಮನುಷ್ಯ.

"ಮಾಲಕ್ಷ್ಮಮ್ಮನ ಕೈಗೆ ತಾಂಬೂಲ ಬಂದಿದ್ದು ಮೊದಲ ಬೆಲ್ಲಿಗೆ ಮುಂಚೆ. ಎರಡನೇ ಕೃಷ್ಣನಿಗೆ ಅಂತ ಹೇಳಿ ಕೊಟ್ರಂತೆ. ಆಗ ಎರಡನೇ ಕೃಷ್ಣ ಕೋಟಿಲಿಂಗಂ. ಅದು ಗೊತ್ತಿದ್ದವರು ಮೂವರೇ. ಚೌದರಿ ಕೈಗೆ ನೀಲಿ ಇರಲಿಲ್ಲ." ಭುಜಂಗರಾವು ಮಣೆಯನ್ನು ಇನ್ನಷ್ಟು ಹತ್ತಿರ ಎಳೆದ. "ನನಗೆ ತಪ್ಪಾಗಿದೆ ಅನ್ನಿ. ಒಂದು ಮಾತು ಅನ್ನಿ, ಎದ್ದು ಹೋಗ್ತೀನಿ. ನಿಮ್ಮ ಮಾತೇ ನಂಬ್ತೀನಿ."

ಪಟ್ಟಾಭಿಗಾರು ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಹುಸಿನಗೆ ನಕ್ಕರು. ಒಂದಾದ ಮೇಲೊಂದು ಮುಖ ಹಾಕಿ ನೋಡಿದರು, ಯಾವುದೂ ನಿಲ್ಲಲಿಲ್ಲ. ಕೊನೆಗೆ ಕೊರಳಿನ ಬಟ್ಟೆಯನ್ನು ತಾವೇ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ಚಿಟಿಕೆ," ಎಂದರು. "ತಿಲಕದ ಸಿಂಧೂರ. ಪೆಟ್ಟಿಗೆ ಎದುರಿಗೇ ಇತ್ತು. ಒಂದು ರಾತ್ರಿ ಅವನ ಗಂಟಲು ಕಟ್ಟಲಿ ಅಂತ. ಒಂದೇ ರಾತ್ರಿ."

"ಅಯ್ಯೋ ದೇವರೇ," ಎಂದಳು ರತ್ತಮ್ಮ, ಉಸಿರಿನಲ್ಲಿ.

"ಆಮೇಲೆ ಚೌದರಿ ವೇಷ ಬದಲಾಯಿಸಿದ್ರಲ್ಲ. ಆಗಲಾದ್ರೂ ನೆನಪಾಗ್ಲಿಲ್ವಾ?"

"ಮರೆತೆ."

"ಮರೆತ್ರಾ?"

"ಖುಷೀಲಿ." ಅವರು ಒಂದೊಂದು ಮಾತಿಗೂ ನಿಲ್ಲಬೇಕಾಗಿತ್ತು. "ಸಭೆ ನನಗೆ ವಾಪಸ್ ಬಂತು. ನಡುವೆ ಕೊಟ್ಟಿದ್ದೂ ಕಿತ್ಕೊಂಡಿದ್ದೂ ಎಲ್ಲ ಕನಸಿನ ಹಾಗೆ ಹಾರಿಹೋಯ್ತು. ಸೈಡ್‌ವಿಂಗಲ್ಲಿ ನಿಂತಿದ್ದೆ. ಎರಡನೇ ಕೃಷ್ಣನ ತಟ್ಟೆ ಅಂತ ಕೂಗಿದ್ಲು. ಹದಿನೈದು ವರ್ಷದಿಂದ ಆ ಕೂಗಿಗೆ ಕೈ ಚಾಚಿದ್ದೀನಿ. ಚಾಚಿದೆ." ಅವರ ಕಣ್ಣಲ್ಲಿ ನೀರು ನಿಂತಿತು. "ಎರಡನೇ ಕೃಷ್ಣ ಅಂದ್ರೆ ನಾನಲ್ದೆ ಇನ್ಯಾರು, ಭುಜಂಗಂ?"

ಭುಜಂಗರಾವಿಗೆ ಅಳು ಒತ್ತರಿಸಿ ಬಂತು. ಸಿಟ್ಟು ಬರಬೇಕಾದ ಜಾಗದಲ್ಲಿ ಅಳು ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಕೆಳಗೆ ಬೀದಿಯಲ್ಲಿ ಯಾರೋ ಕೋಟಿಲಿಂಗಂನ ಅಪ್ಪನನ್ನೂ ಸೇರಿಸಿ ಬೈಯುತ್ತಿದ್ದರು.

"ಆ ಹುಡುಗನ್ನ ನಾಳೆ ಕೋಳ ಹಾಕಿ ನಡೆಸ್ಬೇಕು ನಾನು. ಅವನ ಬಾಳು ಮುಗಿಯುತ್ತೆ. ಅವನೇನು ಕೇಳಿದ ಗೊತ್ತಾ? ಯಾರು ಅಂತ ಹೇಳ್ಬೇಡಿ, ನಾನಲ್ಲ ಅಂತ ಗೊತ್ತಾದ್ರೆ ಸಾಕು ಅಂದ."

ಪಟ್ಟಾಭಿಗಾರು ಕಿಟಕಿಯ ಕಡೆ ನೋಡಿದರು. ಆಮೇಲೆ ಮಂಚದಿಂದ ಕಾಲು ಕೆಳಗಿಟ್ಟರು. "ನಾನೇ ಹೇಳ್ತೀನಿ."

"ನಡೀರಿ, ಹಿತ್ತಲ ಬಾಗಿಲಿಂದ ಹೋಗೋಣ. ಸ್ಟೇಷನ್ನಲ್ಲಿ ಹೇಳಿಕೆ ಬರ್ಕೋತೀನಿ."

"ಹಿತ್ತಲಿಂದ ಬೇಡ. ನನ್ನ ಹಾಡಿಸಿದೋರು ಈ ಬೀದೀಲಿರೋ ಜನ. ಅವರಿಗೆ ಹೇಳ್ಬೇಕು. ಎದುರು ನಿಂತು."

ಬೇಡ ಎನ್ನಬೇಕಾಗಿತ್ತು ಭುಜಂಗರಾವು. ಪೊಲೀಸಿನವನಾಗಿದ್ದರೆ ಅನ್ನುತ್ತಿದ್ದ. ಆ ಗಳಿಗೆಯಲ್ಲಿ ಅವನು ಗುಂಟೂರಿನ ಚಾಪೆಯ ಮೇಲೆ ಕೂತ ಹುಡುಗನಾಗಿಬಿಟ್ಟಿದ್ದ. ಈ ಮನುಷ್ಯ ಕೊನೆಯ ಸಲ ಜನರೆದುರು ದೊಡ್ಡವನಾಗಿ ನಿಲ್ಲಲಿ ಎಂದು ಅವನ ಜೀವ ಒದ್ದಾಡಿತು. ತಾನೇ ಭುಜ ಕೊಟ್ಟು ಎಬ್ಬಿಸಿದ. ರತ್ತಮ್ಮ ಉತ್ತರೀಯ ಹೊದಿಸಿದಳು. ಬೀದಿ ಕಡೆಯ ಮಹಡಿ ಬಾಗಿಲು ತೆಗೆದು ಬಾಲ್ಕನಿಗೆ ಬಂದರು.

ಪಟ್ಟಾಭಿಗಾರನ್ನು ಕಂಡದ್ದೇ ಬೀದಿ ಬೀದಿಯೇ ಎದ್ದು ನಿಂತಿತು. ಹೆಂಗಸರು ಕೈ ಮುಗಿದರು. ಅವರು ಒಂದು ಕೈ ಎತ್ತಿದರು, ಎತ್ತಿನ ಕೊರಳ ಗಂಟೆ ಬಿಟ್ಟು ಉಳಿದೆಲ್ಲ ಸದ್ದು ಅಡಗಿತು.

ಅವರು ಬಾಯಿ ತೆರೆದರು. ಕೋಣೆಯೊಳಗೆ ಎರಡು ಮೊಳದ ದೂರಕ್ಕೆ ಕೇಳುತ್ತಿದ್ದ ಆ ಪಿಸುದನಿ ಬಯಲಿಗೆ ಬರುತ್ತಲೇ ಇಲ್ಲವಾಯಿತು. ಬರೀ ಗಾಳಿ. ಮತ್ತೆ ಹೇಳಿದರು, ಕೊರಳ ನರ ಉಬ್ಬುವಂತೆ. ಪಕ್ಕದಲ್ಲೇ ನಿಂತ ಭುಜಂಗರಾವಿಗೆ ಕೇಳಿಸಿತು: "ನಾನೇ ಕೊಟ್ಟೆ." ಕೆಳಗೆ ಯಾರಿಗೂ ಕೇಳಿಸಲಿಲ್ಲ. ಒಬ್ಬ ಹೆಂಗಸು ಬಿಕ್ಕಿದಳು.

ಆಗ ಪಟ್ಟಾಭಿಗಾರು ತಮ್ಮಲ್ಲಿ ಉಳಿದದ್ದನ್ನು ಬಳಸಿದರು. ಎಡಗೈಯಲ್ಲಿ ಇಲ್ಲದ ಎಲೆ ಹಿಡಿದರು, ಸುಣ್ಣ ಸವರಿದರು, ಚಿಟಿಕೆ ಹಾಕಿದರು, ಮಡಿಸಿ ನೀಡಿದರು. ಗಂಟಲು ಮುಟ್ಟಿ ತೋರಿಸಿದರು. ಆಮೇಲೆ ತಮ್ಮ ಎದೆಗೆ ಬಡಿದುಕೊಂಡರು, ಒಂದು ಸಲ, ಮತ್ತೊಂದು ಸಲ. ನಾನು. ನಾನು.

"ನೋಡ್ರೋ," ಎಂದು ಗಾಡಿಯ ಮೇಲೆ ನಿಂತವನೊಬ್ಬ ಕೂಗಿದ. "ತಾಂಬೂಲದಲ್ಲಿ ಹಾಕಿ ನನ್ನ ಗಂಟಲು ತೆಗೆದ, ನನ್ನ ಹೊಟ್ಟೆ ಉರಿಸಿದ ಅಂತಿದ್ದಾರೆ."

ಜನ ಹೋ ಎಂದಿತು. ಪಟ್ಟಾಭಿಗಾರು ಗಾಬರಿಯಿಂದ ಎರಡೂ ಕೈ ಆಡಿಸಿದರು, ಅಲ್ಲ, ಅಲ್ಲ.

"ಇನ್ನು ದನಿ ಬರಲ್ವಂತೆ," ಎಂದ ಅವನು, ಅಳುತ್ತಾ.

ಪಟ್ಟಾಭಿಗಾರು ಸ್ಟೇಷನ್ನಿನ ದಿಕ್ಕಿಗೆ ಕೈ ತೋರಿಸಿದರು. ಆ ಹುಡುಗನನ್ನು ಬಿಡಿ ಎಂದು ಜನಕ್ಕೆ ಕೈ ಮುಗಿದರು. ಜೀವಮಾನದಲ್ಲಿ ಅಷ್ಟು ಆರ್ತವಾಗಿ ಅವರು ಯಾವ ರಂಗದ ಮೇಲೂ ಕೈ ಮುಗಿದಿರಲಿಲ್ಲ.

"ಕೈ ಮುಗಿದು ಬೇಡ್ತಿದ್ದಾರೆ ಕಣ್ರೋ. ಇಷ್ಟೂ ಮಾಡದಿದ್ರೆ ನಾವು ಗಂಡಸರಾ?"

ಬೀದಿ ಸ್ಟೇಷನ್ನಿನ ಕಡೆ ತಿರುಗಿತು. ಗಾಡಿಗಳ ಗೂಟ ಕಿತ್ತು ಕೈಗೆ ತೆಗೆದುಕೊಂಡರು. ಭುಜಂಗರಾವು ಕಟಕಟೆ ಹಿಡಿದು, ಅವನಲ್ಲ, ನಿಲ್ಲಿ, ಇವರು ಹೇಳ್ತಿರೋದು ಬೇರೆ, ಎಂದು ಕೂಗಿದ. ಆ ಗದ್ದಲದಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಮುಂದಿದ್ದ ಇಬ್ಬರಿಗೆ ಕೇಳಿಸಿದ್ದರೂ ಅವರು ನಂಬಲಿಲ್ಲ. ಪೊಲೀಸಿನವನು ಕೈದಿಯ ಪರ ಎಂದು ಒಬ್ಬ ಕಲ್ಲು ಬೀಸಿದ.

ಅವನು ರತ್ತಮ್ಮನ ಕಡೆ ತಿರುಗಿದ. ದಿನವೂ ಪೇಟೆಗೆಲ್ಲ ಕೇಳುವಂತೆ ಹಾಲಿನವಳನ್ನು ಗದರಿಸುತ್ತಿದ್ದ ಹೆಂಗಸು, ಅವಳ ಮಾತಾದರೆ ಈ ಜನ ನಿಲ್ಲುತ್ತದೆ. "ಅಮ್ಮಾ, ನೀವು ಕೂಗಿ ಹೇಳಿ. ಒಬ್ಬ ಹುಡುಗನ ಜೀವ ಹೋಗುತ್ತೆ. ಇವರು ಏನಂದ್ರು, ನಿಮ್ಮ ಕಿವಿಯಾರೆ ಕೇಳಿದ್ದೀರಿ."

ಪಟ್ಟಾಭಿಗಾರೂ ಹೆಂಡತಿಯ ತೋಳು ಹಿಡಿದು ಅಲುಗಿಸಿದರು, ಹೇಳು ಎಂದು. ಅವಳು ಗಂಡನ ಮುಖವನ್ನು ದಿಟ್ಟಿಸಿದಳು. ಅವರ ಜಾರಿದ ಉತ್ತರೀಯವನ್ನು ಎತ್ತಿ ಹೆಗಲಿಗೆ ಸರಿಯಾಗಿ ಹೊದಿಸಿದಳು.

"ನಾನೇನೂ ಕೇಳಿಸ್ಕೊಂಡಿಲ್ಲ ಬಾಬೂ," ಎಂದಳು. "ಅವರಿಗೆ ದನಿಯೇ ಇಲ್ವಲ್ಲ."